ಪ್ಯಾರಿಸ್ ಶಾಪಿಂಗ್: ತೆರಿಗೆ ವಾಪಸ್ ಪಡೆಯೋದು ಹೇಗೆ?

ಹಾಸನದ ಪಯಣಿಗ:
ಜುಲೈ ಮೊದಲ ವಾರ ನಾನು, ನನ್ನ ಹೆಂಡತಿ ಪ್ಯಾರಿಸ್‌ಗೆ ಹೋಗ್ತಿದ್ದೇವೆ. ವಾಪಸ್ ಬರೋದು ಶಾರ್ಲ್ ದ ಗಾಲ್ ಏರ್‌ಪೋರ್ಟ್‌ನಿಂದ, ದುಬೈ ಮೂಲಕ ಬೆಂಗಳೂರಿಗೆ. ಪರ್ಫ್ಯೂಮ್, ಒಂದು ಹ್ಯಾಂಡ್‌ಬ್ಯಾಗ್, ಫಾರ್ಮಸಿ ಕ್ರೀಮ್‌ಗಳು ಪಟ್ಟಿಯಲ್ಲಿವೆ. ಅಲ್ಲಿ ಕೊಳ್ಳೋ ವಸ್ತುವಿನ ಬೆಲೆಯಲ್ಲಿ ತೆರಿಗೆ 20% ಅಂತಾರೆ, ಪ್ರವಾಸಿಗರಿಗೆ ಅಷ್ಟೂ ವಾಪಸ್ ಸಿಗುತ್ತಾ? ಎಲ್ಲಿ ಕೊಳ್ಳೋದು ಒಳ್ಳೇದು?

ಯೂರೋ ಲೆಕ್ಕ:
ಅಷ್ಟೂ ಸಿಗಲ್ಲ ಸರ್. 20% ಅನ್ನೋದು ತೆರಿಗೆ ಸೇರಿಸುವ ಮುಂಚಿನ ಬೆಲೆಯ ಮೇಲೆ. 120 ಯೂರೋ ಅಂತ ಬರೆದಿರೋ ವಸ್ತುವಿನಲ್ಲಿ ತೆರಿಗೆ 20 ಯೂರೋ. ಅಂಗಡಿಯ ಪರವಾಗಿ ತೆರಿಗೆ ವಾಪಸ್ ಕೊಡುವ ಮರುಪಾವತಿ ಕಂಪನಿ ತನ್ನ ಕಮಿಷನ್ ಹಿಡಿದುಕೊಂಡ ಮೇಲೆ ಕೈಗೆ ಬರೋದು ಸಾಮಾನ್ಯವಾಗಿ 12ರಿಂದ 14.

ಒಂದೇ ಅಂಗಡಿಯಲ್ಲಿ, ಗರಿಷ್ಠ ಮೂರು ದಿನದೊಳಗೆ, ಒಬ್ಬರ ಖರೀದಿ 100 ಯೂರೋ ದಾಟಬೇಕು. ಇಬ್ಬರೂ 60, 60 ಅಂತ ಬೇರೆ ಬೇರೆ ಬಿಲ್ ಮಾಡಿಸಿದರೆ ಇಬ್ಬರಿಗೂ ಏನೂ ಇಲ್ಲ. ಒಬ್ಬರ ಹೆಸರಿಗೇ ಹಾಕಿಸಿ. ದುಡ್ಡು ಕೊಡುವಾಗಲೇ 'ದೇತಾಕ್ಸ್' (ತೆರಿಗೆ ವಾಪಸಾತಿ) ಅಂತ ಕೇಳಿ ಪಾಸ್‌ಪೋರ್ಟ್ ತೋರಿಸಿ, ಫಾರ್ಮ್ ತಗೊಳ್ಳಿ. ಪಾಸ್‌ಪೋರ್ಟ್ ನಂಬರ್, ಕಾರ್ಡ್ ನಂಬರ್ ಅಲ್ಲೇ ನಿಂತು ಓದಿ ನೋಡಿ.

ಏರ್‌ಪೋರ್ಟ್‌ನಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: ಸೂಟ್‌ಕೇಸ್ ಮೊದಲು ಚೆಕ್-ಇನ್ ಮಾಡಿಬಿಡ್ತಾರೆ. ಕಸ್ಟಮ್ಸ್‌ನವರು ವಸ್ತು ತೋರಿಸಿ ಅಂದರೆ ತೋರಿಸೋಕೆ ಏನೂ ಇರಲ್ಲ. ಹಾಗಾಗಿ ಮೊದಲು 'ಪಾಬ್ಲೋ' ಯಂತ್ರ, ಅಂದರೆ ಫಾರ್ಮಿಗೆ ಕಸ್ಟಮ್ಸ್ ಒಪ್ಪಿಗೆ ಕೊಡೋ ಯಂತ್ರ. ಫಾರ್ಮಿನ ಬಾರ್‌ಕೋಡನ್ನು ಸ್ಕ್ಯಾನರ್ ಕೆಳಗೆ ಹಿಡಿಯಿರಿ, ಹಸಿರು ಪರದೆ ಬಂದರೆ ಕೆಲಸ ಮುಗೀತು. ಕೆಂಪು ಬಂದರೆ ಪಕ್ಕದ ಕಸ್ಟಮ್ಸ್ ಕೌಂಟರ್‌ಗೆ ಹೋಗಿ. ಒಂದೊಂದು ಫಾರ್ಮನ್ನೂ ಬೇರೆಬೇರೆಯಾಗಿ ಸ್ಕ್ಯಾನ್ ಮಾಡಬೇಕು, ಫಾರ್ಮ್ ಯಾರ ಹೆಸರಲ್ಲಿದೆಯೋ ಅವರೇ ಇರಬೇಕು. ಬೇಸಿಗೆಯಲ್ಲಿ ಸಾಲು ಉದ್ದ, ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ನಗದು ಕೇಳಿದರೆ ಇನ್ನಷ್ಟು ಕಡಿತ, ಕಾರ್ಡಿಗೇ ಹಾಕಿಸಿ.

ಸಂತೆ ಸುತ್ತಾಟ:
ನಿಮ್ಮ ತಾರೀಕು ಚೆನ್ನಾಗಿದೆ. ಸರ್ಕಾರ ನಿಗದಿ ಮಾಡಿರುವ ಬೇಸಿಗೆ ರಿಯಾಯಿತಿ ಮಾರಾಟ, ಅಂದರೆ 'ಸೋಲ್ದ್', ಸಾಮಾನ್ಯವಾಗಿ ಜೂನ್ ಕೊನೆಯ ಬುಧವಾರ ಶುರುವಾಗಿ ನಾಲ್ಕು ವಾರ ನಡೆಯುತ್ತೆ. ದಿನ ಕಳೆದಂತೆ ಬೆಲೆ ಇನ್ನೂ ಇಳಿಯುತ್ತೆ, ಆದರೆ ಸೈಜ್ ಖಾಲಿಯಾಗುತ್ತೆ. ಅಂಗಡಿಯಲ್ಲಿ ಕೊಂಡದ್ದನ್ನು ಮನಸ್ಸು ಬದಲಾಯ್ತು ಅಂತ ವಾಪಸ್ ಮಾಡೋ ಹಕ್ಕು ಅಲ್ಲಿನ ಕಾನೂನಲ್ಲಿಲ್ಲ. ಹಾಕಿ ನೋಡಿಯೇ ಕೊಳ್ಳಿ.

ಹ್ಯಾಂಡ್‌ಬ್ಯಾಗ್‌ಗೆ, ಪರ್ಫ್ಯೂಮ್‌ಗೆ ಓಸ್‌ಮಾನ್ ರಸ್ತೆಯ ದೊಡ್ಡ ಮಳಿಗೆಗಳಾದ ಗ್ಯಾಲರಿ ಲಾಫಾಯೆತ್ ಅಥವಾ ಪ್ರಾಂತಾಂ ಒಳ್ಳೇದು; ಬೇರೆ ಬೇರೆ ಕೌಂಟರಿನ ಬಿಲ್ಲುಗಳನ್ನು ಸೇರಿಸಿ ಒಂದೇ ಫಾರ್ಮ್ ಮಾಡಿಕೊಡ್ತಾರೆ. ಭಾನುವಾರವೂ ತೆರೆದಿರುತ್ತೆ. ಕ್ರೀಮಿನ ಬೆಲೆ ಒಂದೊಂದು ಫಾರ್ಮಸಿಯಲ್ಲಿ ಒಂದೊಂದು. ಸ್ಯಾಂ ಜರ್ಮ್ಯಾಂ ಭಾಗದ ಸಿಟಿಫಾರ್ಮಾ ಕಡಿಮೆ ಬೆಲೆಗೆ ಹೆಸರುವಾಸಿ, ಆದರೆ ಗದ್ದಲ ವಿಪರೀತ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಕಾರ್ಡ್ ಯಂತ್ರ ಯೂರೋನಾ ರೂಪಾಯಿನಾ ಅಂತ ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ಅವರದೇ ದರದಲ್ಲಿ ಲೆಕ್ಕ ಹಾಕಿ ಹೆಚ್ಚು ಹಿಡಿದುಕೊಳ್ತಾರೆ.

ಮೆಟ್ರೋ ಬಾಗಿಲಲ್ಲಿ ಬಟ್ಟೆ ಹಾಸಿಕೊಂಡು ಮಾರೋ ಬ್ರ್ಯಾಂಡೆಡ್ ಬ್ಯಾಗ್ ಮುಟ್ಟಲೇಬೇಡಿ. ನಕಲಿ ವಸ್ತು ಇಟ್ಟುಕೊಂಡಿದ್ದರೆ ಕೊಂಡವರಿಗೂ ದಂಡ.

ಹಾಸನದ ಪಯಣಿಗ:
ತುಂಬಾ ಉಪಕಾರ. ಟಿಕೆಟ್ ಬದಲಾಗಿ ಫ್ರಾಂಕ್‌ಫರ್ಟ್ ಮೂಲಕ ಬರಬೇಕಾದರೆ?

ಯೂರೋ ಲೆಕ್ಕ:
ಆಗ ತೊಡಕು. ಯುರೋಪಿಯನ್ ಒಕ್ಕೂಟ ಬಿಡುವ ಕೊನೆಯ ಏರ್‌ಪೋರ್ಟ್ ಫ್ರಾಂಕ್‌ಫರ್ಟ್ ಆಗುತ್ತೆ, ಕೈಚೀಲದ ವಸ್ತುವಿಗೆ ಅಲ್ಲಿನ ಕಸ್ಟಮ್ಸ್ ಮುದ್ರೆ ಬೇಕು, ಪಾಬ್ಲೋ ಯಂತ್ರ ಅಲ್ಲಿಲ್ಲ. ಮುದ್ರೆ ಬಿದ್ದ ಫಾರ್ಮನ್ನು ಲಕೋಟೆಯಲ್ಲಿ ಮರುಪಾವತಿ ಕಂಪನಿಗೆ ಕಳಿಸಬೇಕು. ಪರ್ಫ್ಯೂಮ್ 100 ಮಿಲಿಗಿಂತ ದೊಡ್ಡದಾದರೆ ಕೈಚೀಲದಲ್ಲಿ ಒಯ್ಯೋಕೆ ಬಿಡೋದೂ ಕಷ್ಟ. ಆಗೋದಾದರೆ ದುಬೈ ಟಿಕೆಟ್ಟನ್ನೇ ಉಳಿಸಿಕೊಳ್ಳಿ.