ಅಪ್‌ಡೇಟ್: ಟಿಲ್ಟ್-ಶಿಫ್ಟ್ ಫೋಟೋ ಕೊನೆಗೂ ಆಟಿಕೆ ಊರಿನ ಥರ ಬಂತು

ಎತ್ತರದಿಂದ ತೆಗೆದ ರಸ್ತೆಯ ಫೋಟೋಗೆ ಮೇಲೂ ಕೆಳಗೂ ಬ್ಲರ್ ಹಾಕಿದರೂ ಅದು ಮಿನಿಯೇಚರ್ ಥರ ಯಾಕೆ ಕಾಣ್ತಿಲ್ಲ ಅಂತ ಕೇಳಿದ್ದೆ. (ಟಿಲ್ಟ್-ಶಿಫ್ಟ್ ಅಂದರೆ ಚಿತ್ರದ ಒಂದು ಪಟ್ಟಿಯನ್ನು ಮಾತ್ರ ಶಾರ್ಪ್ ಆಗಿ ಬಿಟ್ಟು, ಉಳಿದದ್ದನ್ನು ಮಸುಕು ಮಾಡಿ, ನಿಜವಾದ ಜಾಗವನ್ನು ಆಟಿಕೆ ಥರ ತೋರಿಸುವುದು.) ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ, ಈಗ ಸರಿಹೋಗಿದೆ.

ಮುಖ್ಯ ತೊಂದರೆ ಇದ್ದದ್ದು ಮಾಸ್ಕ್‌ನಲ್ಲಿ, ಅಂದರೆ ಬ್ಲರ್ ಎಲ್ಲಿ ಎಷ್ಟು ಬೀಳಬೇಕು ಅಂತ ಗುರುತು ಮಾಡುವುದರಲ್ಲಿ. ಚಿತ್ರದ ನಡುವೆ ಒಂದು ನೀರಿನ ಟ್ಯಾಂಕ್ ಇದೆ. ನೇರ ಗ್ರೇಡಿಯಂಟ್ (ಮೆಲ್ಲಗೆ ಹೆಚ್ಚುತ್ತಾ ಹೋಗುವ ಬ್ಲರ್) ಎಳೆದಾಗ ಅದರ ಕಂಬಗಳು ಶಾರ್ಪ್, ತಲೆ ಮಸುಕು. ಎರಡೂ ಕ್ಯಾಮೆರಾದಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿರುವಾಗ ಕಣ್ಣು ಅದನ್ನು ಹೇಗೆ ನಂಬಬೇಕು? ಟ್ಯಾಂಕನ್ನು ಬೇರೆಯಾಗಿ ಸೆಲೆಕ್ಟ್ ಮಾಡಿ ಬ್ಲರ್‌ನಿಂದ ಹೊರಗಿಟ್ಟೆ. ಅದೊಂದೇ ಬದಲಾವಣೆಗೆ ಇಡೀ ಚಿತ್ರ ಕುಗ್ಗಿದ ಹಾಗಾಯಿತು. ಅಂದಹಾಗೆ, ನಿಜವಾದ ಟಿಲ್ಟ್ ಲೆನ್ಸ್‌ನಲ್ಲೂ (ಕ್ಯಾಮೆರಾ ಮೇಲೆ ಓರೆ ಮಾಡಬಹುದಾದ ಲೆನ್ಸ್) ಎತ್ತರದ ಕಟ್ಟಡಗಳ ತುದಿ ಹೀಗೇ ಮಸುಕಾಗುತ್ತದೆ, ಏಕೆಂದರೆ ಅಲ್ಲಿ ಫೋಕಸ್‌ನ ಸಮತಲವೇ ಓರೆಯಾಗುತ್ತದೆ. ಈ ಒಂದು ವಿಷಯದಲ್ಲಿ ಸಾಫ್ಟ್‌ವೇರೇ ಮೇಲು ಅನ್ನುತ್ತೇನೆ.

ಗಾಸಿಯನ್ (ಸಾಮಾನ್ಯ ಮಸುಕು) ಬಿಟ್ಟು ಲೆನ್ಸ್ ಬ್ಲರ್ (ನಿಜವಾದ ಲೆನ್ಸ್‌ನ ಮಸುಕನ್ನು ಅನುಕರಿಸುವ ಬ್ಲರ್) ಬಳಸಿ ಅಂದವರ ಮಾತೂ ನಿಜವಾಯಿತು. ಹಿಂದಿನ ಕಾರುಗಳ ಗಾಜಿನ ಮೇಲಿನ ಹೊಳಪು ಈಗ ಪುಟ್ಟ ಪುಟ್ಟ ಬಿಲ್ಲೆಗಳಾಗಿ ಅರಳಿದೆ, ತೀರಾ ಹತ್ತಿರದಿಂದ ತೆಗೆದ ಮ್ಯಾಕ್ರೋ ಫೋಟೋದಲ್ಲಿ ಕಾಣುವಂತೆ. ಸ್ಯಾಚುರೇಶನ್, ಕಾಂಟ್ರಾಸ್ಟ್ ಸ್ವಲ್ಪ ಏರಿಸಿದೆ, ಅಷ್ಟೇ.

ಆಕಾಶ ಕಾಣುವ ಫೋಟೋಗಳಲ್ಲಿ ಮಾತ್ರ ಏನು ಮಾಡಿದರೂ ಭ್ರಮೆ ನಿಲ್ಲುತ್ತಿಲ್ಲ. ದಿಗಂತವನ್ನು ಕ್ರಾಪ್ ಮಾಡಿಬಿಡುತ್ತಿದ್ದೇನೆ. ಮುಂದೆ ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ತೆಗೆದ ಫೋಟೋಗಳನ್ನು ಸೇರಿಸಿ ಮಾಡುವ ವಿಡಿಯೋ) ಪ್ರಯತ್ನಿಸುತ್ತೇನೆ. ಜನ ತಡೆತಡೆದು ನಡೆದಾಗ ಗೊಂಬೆಗಳಂತೆ ಕಾಣುತ್ತಾರಲ್ಲ, ಅದು ನನಗೆ ಬೇಕು.