ಯೆರೆಮೀಯ 6, ಯೆಹೆಜ್ಕೇಲ 22, ಮಲಾಕಿಯ 3: ಕುಲುಮೆಯ ಬೆಂಕಿ ಶುದ್ಧಿಗೋ ನಾಶಕ್ಕೋ?

ಪ್ರಶ್ನೆ
ಇವು ಬೈಬಲಿನ ಮೂರು ಪ್ರವಾದಿ ಗ್ರಂಥಗಳು. ಮಲಾಕಿಯ 3:2-3ರಲ್ಲಿ ದೇವರು ಬೆಳ್ಳಿಯನ್ನು ಪುಟಕ್ಕಿಡುವ ಅಕ್ಕಸಾಲಿಗ. ಯೆಹೆಜ್ಕೇಲ 22:18-22ರಲ್ಲೂ ಕುಲುಮೆಯೇ, ಆದರೆ ಅಲ್ಲಿ ಇಸ್ರಾಯೇಲ್ ಮನೆತನವೆಲ್ಲ ಕಿಟ್ಟ. ಯೆರೆಮೀಯ 6:29-30ರಲ್ಲಿ ತಿದಿ ಊದಿದರೂ ಕೆಲಸ ಕೆಟ್ಟಿದೆ. ಮೂರನ್ನೂ ‘ಕೋಪಾಗ್ನಿ’ ಎಂದು ಒಂದೇ ಕಟ್ಟಿಗೆ ಸೇರಿಸಬಹುದೇ? ಯೆರೆಮೀಯದಲ್ಲಿ ನಡುವೆ ಸೀಸ ಏಕೆ ಬಂತು?

ಉತ್ತರ 1
ಸೀಸದಿಂದಲೇ ಶುರುಮಾಡಿ, ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಕಾಲದಲ್ಲಿ ಬೆಳ್ಳಿಯನ್ನು ಸೋಸುತ್ತಿದ್ದುದು ಸೀಸದ ಜೊತೆ ಕರಗಿಸಿ. ಶಾಖ 900-1000 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ತಿದಿಯ ಗಾಳಿ ಎಡೆಬಿಡದೆ ಬೀಳಬೇಕು. ಗಾಳಿ ತಾಗಿದ ಸೀಸ ಆಕ್ಸೈಡ್ ಆಗಿ ತಾಮ್ರದಂಥ ಕೀಳು ಲೋಹಗಳನ್ನು ತನ್ನೊಡನೆ ಎಳೆದೊಯ್ಯುತ್ತದೆ, ತಳದ ಮಣ್ಣು ಅಥವಾ ಬೂದಿ ಅದನ್ನು ಹೀರುತ್ತದೆ. ಬೆಳ್ಳಿ ಹಾಗೆ ಆಕ್ಸೈಡ್ ಆಗದು, ಗುಂಡಾಗಿ ಉಳಿಯುತ್ತದೆ. ಗಾಳಿ ಸಾಲದಿದ್ದರೆ ಸೀಸ ಬಿಡುವುದಿಲ್ಲ. ಕಲ್ಮಶ ಅತಿಯಾದರೆ ಸೀಸ ತೀರಿದರೂ ಬೆಳ್ಳಿ ಶುದ್ಧವಾಗುವುದಿಲ್ಲ.

ಯೆರೆಮೀಯ ತೋರಿಸುವುದು ಈ ಎರಡನೆಯ ಸೋಲನ್ನು. ತಿದಿ ಬುಸುಗುಡುತ್ತಿದೆ, ಸೀಸ ಬೆಂಕಿಗೆ ಹೋಯಿತು, ಕೆಟ್ಟದ್ದು ಮಾತ್ರ ಬಿಡಲಿಲ್ಲ. ಲೋಹ ಪರೀಕ್ಷಿಸುವವನು ಪ್ರವಾದಿಯೇ (6:27). ಕೊನೆಯ ವಾಕ್ಯದಲ್ಲಿ ‘ಮಾಆಸ್’ ಎಂಬ ಒಂದೇ ಹೀಬ್ರೂ ಕ್ರಿಯಾಪದ ಎರಡು ಸಲ ಬರುತ್ತದೆ: ತಿರಸ್ಕರಿಸಿದ ಬೆಳ್ಳಿ, ಏಕೆಂದರೆ ಯೆಹೋವನು ಅವರನ್ನು ತಿರಸ್ಕರಿಸಿದ್ದಾನೆ. ಅನುವಾದದಲ್ಲಿ ಬೇರೆ ಬೇರೆ ಪದ ಹಾಕಿದರೆ ಈ ಏಟು ತಪ್ಪಿಹೋಗುತ್ತದೆ.

ಯೆಹೆಜ್ಕೇಲದಲ್ಲಿ ಸೋಸುವ ಮಾತೇ ಇಲ್ಲ. ತಾಮ್ರ, ತವರ, ಕಬ್ಬಿಣ, ಸೀಸಗಳನ್ನು ಒಟ್ಟುಹಾಕಿ ಕರಗಿಸುವುದಷ್ಟೇ, ಕುಲುಮೆ ಯೆರೂಸಲೇಮೇ. ಮಲಾಕಿಯದಲ್ಲಿ ಪುಟಕ್ಕೆ ಹೋಗುವವರು ಲೇವಿಯರು, ಅಂದರೆ ದೇವಾಲಯದ ಸೇವಕರು; ಅವರ ಕಾಣಿಕೆ ಸರಿಯಾಗಲಿ ಎಂಬುದೇ ಗುರಿ. ಅಲ್ಲಿ ದೇವರು ‘ಕೂತಿದ್ದಾನೆ’, ಕೆಲಸ ಮುಗಿಯುವವರೆಗೂ ಬಿಟ್ಟೇಳುವುದಿಲ್ಲ. (ಬೆಳ್ಳಿಯಲ್ಲಿ ತನ್ನ ಮುಖ ಕಾಣುವ ತನಕ ಕಾಯುತ್ತಾನೆ ಎಂದು ಪ್ರಸಂಗಗಳಲ್ಲಿ ಸೇರಿಸುತ್ತಾರೆ. ಮೂಲದಲ್ಲಿ ಅದಿಲ್ಲ.)

ಉತ್ತರ 2
ಹೌದು, ಒಂದೇ ಕಟ್ಟು ಬೇಡ. ಯಾವ ಪ್ರತಿಮೆ ಬಂದರೂ ಕೆಲಸ ಮುಗಿದ ಮೇಲೆ ಏನು ಉಳಿಯಿತು ಎಂದು ನೋಡಿ. ಯೆಶಾಯ 28:27-28ರಲ್ಲಿ ಜೀರಿಗೆಯನ್ನು ಕೋಲಿನಿಂದ ಬಡಿಯುತ್ತಾರೆ, ಅದರ ಮೇಲೆ ಗಾಡಿಯ ಗಾಲಿ ಹಾಯಿಸುವುದಿಲ್ಲ. ರೊಟ್ಟಿಯ ಕಾಳನ್ನೂ ಪುಡಿಯಾಗುವಷ್ಟು ತುಳಿಸುವುದಿಲ್ಲ. ಏಟಿಗೆ ಅಲ್ಲಿ ಅಳತೆ ಇದೆ. ಯೆಶಾಯ 63ರ ದ್ರಾಕ್ಷಿತೊಟ್ಟಿಯಲ್ಲಿ ಅಂಥ ಅಳತೆ ಕಾಣದು. ತುಳಿದವನು ದೇವರು, ಬರುವುದು ಎದೋಮ್ ನಾಡಿನಿಂದ, ಬಟ್ಟೆ ಕೆಂಪಾಗಿದೆ. ಎದೋಮ್ ಎಂಬ ಹೆಸರಿನಲ್ಲೇ ಹೀಬ್ರೂವಿನ ‘ಆದೋಮ್’, ಅಂದರೆ ಕೆಂಪು, ಕೇಳಿಸುತ್ತದೆ. ಆ ರಕ್ತ ತುಳಿಸಿಕೊಂಡವರದು (63:3, 6), ತುಳಿದವನದಲ್ಲ. ಇಲ್ಲಿ ಎಡವುವವರು ಬಹಳ.

ಪ್ರಶ್ನೆ ಕೇಳಿದವರು
ಧನ್ಯವಾದ. ಆಮೋಸ 7:7ರ ದರ್ಶನದಲ್ಲಿ ಗೋಡೆಯ ಜೊತೆ ಬರುವ ನೂಲುಗುಂಡನ್ನೂ (ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ಗುಂಡು) ಹೀಗೇ ಓದಬಹುದೇ? ಅದು ಅಳೆಯುವ ಸಾಧನವಲ್ಲವೇ?

ಉತ್ತರ 1
ಅಲ್ಲಿ ಜೋಪಾನ. ಮೂಲದ ‘ಅನಾಕ್’ ಎಂಬ ಪದ ಹೀಬ್ರೂ ಬೈಬಲಿನಲ್ಲಿ ಬರುವುದು ಆ ಎರಡು ವಾಕ್ಯಗಳಲ್ಲಿ ಮಾತ್ರ (7:7-8). ನೂಲುಗುಂಡು ಎಂಬುದು ಹಳೆಯ ಪರಂಪರೆಯ ಅರ್ಥ. ಅಕ್ಕಾಡಿಯನ್ ಭಾಷೆಯ ‘ಅನ್ನಾಕು’ ಎಂದರೆ ತವರ, ಹಾಗಾಗಿ ‘ತವರದ ಗೋಡೆ’ ಎಂದು ಓದುವ ವಿದ್ವಾಂಸರೂ ಇದ್ದಾರೆ. ವಾದವನ್ನೆಲ್ಲ ಆ ಪದದ ಮೇಲೆ ನಿಲ್ಲಿಸಬೇಡಿ. ಮುಂದಿನ ದರ್ಶನ (8:1-2) ಗಟ್ಟಿ ನೆಲ: ಬುಟ್ಟಿಯಲ್ಲಿರುವುದು ‘ಕಯಿಟ್ಸ್’, ಬೇಸಿಗೆಯ ಮಾಗಿದ ಹಣ್ಣು, ಬರುವ ತೀರ್ಪು ‘ಕೇಟ್ಸ್’, ಅಂತ್ಯ.