ಪದಚರ್ಚೆ: ‘ಡಿಮ್ ಸಮ್’ಗೆ ಕನ್ನಡದಲ್ಲಿ ಏನನ್ನೋಣ? (ಶುಕ್ರವಾರ ಸಂಜೆಯೊಳಗೆ ಬೇಕು)

ಹಾಂಗ್‌ಕಾಂಗ್‌ನಿಂದ, ಮಂಗಳವಾರ

ಎಲ್ಲರಿಗೂ ನಮಸ್ಕಾರ. ಅತ್ತೆ, ಮಾವ, ಚಿಕ್ಕಮಾವಂದಿರು ಎಲ್ಲ ಸೇರಿ ಒಂಬತ್ತು ಜನ ಶಿವಮೊಗ್ಗದಿಂದ ಬರುತ್ತಿದ್ದಾರೆ. ಭಾನುವಾರ ಹನ್ನೊಂದಕ್ಕೆ ಇಲ್ಲಿನ ಸೆಂಟ್ರಲ್ ಪೇಟೆಯ ಒಂದು ದುಬಾರಿ ಕ್ಯಾಂಟನೀಸ್ (ದಕ್ಷಿಣ ಚೀನಾ ಕಡೆಯ) ಹೋಟೆಲಿನಲ್ಲಿ ಡಿಮ್ ಸಮ್‌ಗೆ, ಅಂದರೆ ಚಹಾ ಜೊತೆ ತಿನ್ನುವ ಪುಟ್ಟ ಪುಟ್ಟ ತಿನಿಸುಗಳಿಗೆ, ಟೇಬಲ್ ಬುಕ್ ಮಾಡಿದ್ದೇವೆ. ಗಾಡಿ ತಳ್ಳಿಕೊಂಡು ಬರುವ ಹಳೇ ಥರದ ಜಾಗ ಅಲ್ಲ. ಬಿಳಿ ಮೇಜುಬಟ್ಟೆ ಹಾಸಿರುತ್ತಾರೆ, ಚೀಟಿ ಮೇಲೆ ಗುರುತು ಹಾಕಿ ಕೊಟ್ಟರೆ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಬಿಸಿಬಿಸಿಯಾಗಿ ತಂದಿಡುತ್ತಾರೆ. ಒಂದೊಂದು ಬುಟ್ಟಿಗೆ ಮೂರೋ ನಾಲ್ಕೋ.

ಹಿರಿಯರಿಗೆ ಇಂಗ್ಲಿಷ್ ಮೆನು ಓದಲು ಕಷ್ಟ. ಅದಕ್ಕೆ ಕನ್ನಡದಲ್ಲಿ ಒಂದು ಕಾರ್ಡ್ ಪ್ರಿಂಟ್ ಮಾಡಿಸಿ ಎಲ್ಲರ ತಟ್ಟೆ ಪಕ್ಕ ಇಡೋಣ ಅಂತ. ನಾಲ್ವರು ಸಸ್ಯಾಹಾರಿಗಳು, ಇಬ್ಬರು ಹಂದಿ ತಿನ್ನುತ್ತಾರೆ, ಉಳಿದವರದು ಕೋಳಿ, ಸಿಗಡಿ ಮಾತ್ರ. ಬೇಕಾದ ಪದಗಳು ಇವು: ಒಟ್ಟಾರೆ ಡಿಮ್ ಸಮ್‌ಗೆ ಏನನ್ನಬೇಕು? ‘ಹರ್ ಗೌ’ ಅನ್ನೋ ಸಿಗಡಿ ತುಂಬಿದ್ದಕ್ಕೆ? ಅದರ ಮೇಲಿನ ತೆಳು ಹೊದಿಕೆಗೆ? ಇನ್ನೊಂದು, ‘ಚ್ಯೊಂಗ್ ಫನ್’. ಅಕ್ಕಿ ಹಿಟ್ಟಿನ ನೀರನ್ನು ಹಾಳೆಯಾಗಿ ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತಿರುತ್ತಾರೆ. ಚೀನೀ ಹೆಸರಿನ ಅರ್ಥ ‘ಕರುಳಿನ ಶ್ಯಾವಿಗೆ’ ಅಂತ, ನೋಡಲು ಕರುಳಿನಂತಿದೆ ಅನ್ನೋ ಕಾರಣಕ್ಕೆ. ಅದನ್ನು ಹಾಗೇ ಬರೆದರೆ ಅತ್ತೆ ಎದ್ದು ಹೋಗುತ್ತಾರೆ.

ಮೈಸೂರಿನಿಂದ

ಕಡುಬು. ಇದಕ್ಕೆ ಇಷ್ಟೊಂದು ಯೋಚನೆ ಯಾಕೆ? ಹೊದಿಕೆ ‘ಕಣಕ’, ಒಳಗಿರೋದು ‘ಹೂರಣ’. ಎರಡೂ ನಮ್ಮ ಅಡುಗೆಮನೆಯಲ್ಲೇ ಇವೆ. ಹೊರಗೆ ಹುಡುಕಬೇಡಿ.

ಬೆಂಗಳೂರಿನಿಂದ

‘ಹೂರಣ’ ನಮ್ಮದೇ? ಸಂಸ್ಕ್ರುತದ ‘ಪೂರಣ’ ಅದು. ಇರಲಿ. ಡಿಮ್ ಸಮ್‌ಗೆ ‘ಹಬೆತಿನಿಸು’ ಅನ್ನಿ. ಯಾರಿಗೂ ವಿವರಿಸಬೇಕಿಲ್ಲ. ಚೀನೀ ಬಾಶೆಯಲ್ಲಿ ಅದರ ಅರ್ತ ‘ಎದೆ ಮುಟ್ಟುವುದು’ ಅಂತ ಎಲ್ಲೋ ಓದಿದ್ದೆ, ಆದ್ದರಿಂದ ‘ಎದೆಮುಟ್ಟು’ ಕೂಡ ಆದೀತು. ಒಳಗಿನದಕ್ಕೆ ‘ತುಂಬುಕ’.

ಮೈಸೂರಿನಿಂದ

‘ಪ’ ಹೋಗಿ ‘ಹ’ ಆದ ದಿನವೇ ಅದು ನಮ್ಮದಾಯಿತು. ಹೋಳಿಗೆ ತಟ್ಟುವವರನ್ನು ಕೇಳಿ. ‘ಎದೆಮುಟ್ಟು’ ಅಂದರೆ ಡಾಕ್ಟರ್ ಹತ್ತಿರ ಹೋಗೋ ಕಾಯಿಲೆ ಥರ ಕೇಳುತ್ತದೆ.

ಹಾಂಗ್‌ಕಾಂಗ್‌ನಿಂದ

ಎರಡು ತೊಂದರೆ. ‘ಹಬೆ’ ಅಂದರೆ ಅರ್ಧವೇ ಆಯಿತು. ಇವರ ಕೆಸುವಿನ ಗೆಡ್ಡೆಯ ವಡೆಯಂಥದ್ದು ಎಣ್ಣೆಯಲ್ಲಿ ಕರಿದದ್ದು, ಮೇಲೆ ಜೇನುಗೂಡಿನ ಥರ ಗರಿಗರಿ. ಮೂಲಂಗಿ ಬಿಲ್ಲೆಯನ್ನು ಕಾವಲಿ ಮೇಲೆ ಕೆಂಪಗೆ ಮಾಡಿರುತ್ತಾರೆ. ಮೊಟ್ಟೆ ಟಾರ್ಟ್ ಒಲೆಯೊಳಗೆ ಸುಟ್ಟದ್ದು.

ಎರಡನೇದು ‘ಕಡುಬು’. ಬೆಳ್ಳಗೆ, ಉಬ್ಬಿದ, ತಲೆ ಬಿರಿದ ಒಂದು ಬನ್ ಬರುತ್ತದೆ, ಥೇಟ್ ಸಿಹಿ ತಿಂಡಿ. ಒಳಗೆ ಸುಟ್ಟ ಹಂದಿ ಮಾಂಸ, ಸಿಹಿ ಸಾಸ್. ‘ಕಡುಬು’ ಅಂತ ಓದಿದರೆ ಅತ್ತೆ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಮೂಲಂಗಿ ಬಿಲ್ಲೆಯೂ ಸಸ್ಯಾಹಾರ ಅಲ್ಲ, ಒಣಸಿಗಡಿ, ಹಂದಿ ಸಾಸೇಜಿನ ಚೂರು ಇರುತ್ತದೆ. ಹೊದಿಕೆ ನಾದುವಾಗಲೂ ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ. ಹೆಸರು ನೋಡಿ ಮೋಸ ಹೋಗಬಾರದು, ನನಗೆ ಬೇಕಿರೋದು ಅಷ್ಟೇ.

ತೀರ್ಥಹಳ್ಳಿಯಿಂದ

ಕಡುಬು ಅಂದರೆ ಸಸ್ಯಾಹಾರ ಅಂತ ಯಾರು ಹೇಳಿದ್ದು? ನಮ್ಮ ಕಡೆ ಹಂದಿ ಸಾರಿಗೆ ಕಡುಬೇ ಜೋಡಿ. ಕೊಡಗಿನಲ್ಲಿ ಪಂದಿ ಕರಿಗೆ ಕಡಂಬುಟ್ಟು. ಅಕ್ಕಿ ತರಿಯ ಉಂಡೆ, ಒಳಗೆ ಹೂರಣವೂ ಇಲ್ಲ, ಗೀರಣವೂ ಇಲ್ಲ. ಮೈಸೂರಿನವರ ಗಣೇಶನ ಹಬ್ಬದ ಕಡುಬನ್ನೇ ಇಡೀ ಕರ್ನಾಟಕದ ಕಡುಬು ಅಂತ ಮಾಡಬೇಡಿ. ಕರಾವಳಿಯಲ್ಲಿ ಹಲಸಿನ ಎಲೆ ಕೊಟ್ಟೆಯೊಳಗೆ ಹುಯ್ದ ಹಿಟ್ಟೂ ಕಡುಬೇ.

ಧಾರವಾಡದಿಂದ

ಹೂರಣ ತುಂಬಿದ್ದೇ ನಮಗೆ ಕಡುಬು, ತುಂಬದೇ ಇದ್ದದ್ದು ಉಂಡಿ. ಆದರೆ ಇಲ್ಲಿ ಒಬ್ಬರಿಗೂ ‘ತಿಂಡಿ’ ನೆನಪಾಗಲಿಲ್ಲ ನೋಡಿ. ‘ಬೆಳಗಿನ ತಿಂಡಿ’ ಅಂತ ದಿನಾ ಬೆಂಗಳೂರಿನವರೇ ಹೇಳುತ್ತಾರೆ. ನಾನೇ ಸೂಚಿಸೋಣ ಅಂದರೆ ನಮ್ಮ ಕಡೆ ‘ತಿಂಡಿ’ ಅಂದರೆ ತುರಿಕೆ. ‘ನಿನಗೆ ತಿಂಡಿ ಭಾಳ ಆಗೇದ’ ಅಂದರೆ ಯಾರೂ ಇಡ್ಲಿ ತಂದುಕೊಡೋದಿಲ್ಲ, ಕಪಾಳಕ್ಕೆ ಕೊಡುತ್ತಾರೆ. ನಮ್ಮದು ನಾಷ್ಟಾ.

ಬೆಂಗಳೂರಿನಿಂದ

ನಾಶ್ಟಾ ಪಾರಸಿ ಪದ. ಇದೇ ಕಶ್ಟ.

ಮಂಗಳೂರಿನಿಂದ

ಎರಡು ದಿನದಿಂದ ಓದುತ್ತಿದ್ದೇನೆ. ಒಬ್ಬರೂ ಹಾಂಗ್‌ಕಾಂಗಿನ ಕ್ಯಾಂಟನೀಸ್ ನುಡಿಯ ಕಡೆ ಹೋಗಲಿಲ್ಲ. ಬರವಣಿಗೆಯಿಂದಲೇ ಶುರು ಮಾಡೋಣ. ‘ಹರ್ ಗೌ’ನಲ್ಲಿ ರ ಇಲ್ಲ. ಅದು ದೀರ್ಘ ತೋರಿಸಲು ಬ್ರಿಟಿಷರು ಹಾಕಿದ ರ. ‘ಹಾ ಗಾವ್’ ಅನ್ನಿ, ‘ಹಾ’ ಅಂದರೆ ಸಿಗಡಿ. ಹಂದಿ ಬನ್ನಿನ ‘ಚಾರ್ ಸಿಯು’ನಲ್ಲೂ ಅಷ್ಟೇ. ಅಲ್ಲಿ ‘ಗ’, ‘ಡ’ ಅಂತ ನಾವು ಬರೆಯೋದೆಲ್ಲ ಕಿವಿಗೆ ‘ಕ’, ‘ತ’ ಹತ್ತಿರ ಕೇಳುತ್ತದೆ. ಹಾಗಾಗಿ ‘ಡಿಮ್ ಸಮ್’ಗಿಂತ ‘ತಿಮ್ ಸಮ್’ ವಾಸಿ. ಗ, ಡ, ಬ ಥರದ ಘೋಷ ವ್ಯಂಜನ ಅಲ್ಲಿಲ್ಲ. ಮಹಾಪ್ರಾಣ ಇದೆ, ಅದೂ ಅರ್ಥ ಬದಲಿಸುವಷ್ಟು. ಬೆಂಗಳೂರಿನವರು ಮಹಾಪ್ರಾಣ ಬಿಟ್ಟು ‘ಅರ್ತ’, ‘ಬಾಶೆ’ ಅಂತ ಬರೆದುಕೊಳ್ಳಲಿ, ಕ್ಯಾಂಟನೀಸ್‌ನಲ್ಲಿ ಹಾಗೆ ಬರೆದರೆ ಬೇರೆ ಪದವೇ ಆಗುತ್ತದೆ. ಹಂದಿ ಬನ್ನಿನ ‘ಛಾ’, ಕುಡಿಯುವ ‘ಛಾ’ ಎರಡಕ್ಕೂ ಮಹಾಪ್ರಾಣ ಬೇಕು.

ಇನ್ನು ‘ಎದೆ ಮುಟ್ಟು’. ‘ಡಿಮ್’ ಅನ್ನೋ ಮೊದಲ ಪದಕ್ಕೆ ಚುಕ್ಕೆ ಇಡು, ಹಗುರಾಗಿ ತಾಗಿಸು ಅಂತೆಲ್ಲ ಅರ್ಥ. ಎರಡನೇದು ಎದೆ. ಊಟದ ಹೊತ್ತಿಗೆ ಮೊದಲು ಸ್ವಲ್ಪ ಏನಾದರೂ ಬಾಯಿಗೆ ಹಾಕಿಕೊಳ್ಳೋದು, ಅಷ್ಟೇ. ಕವಿತೆ ಏನೂ ಇಲ್ಲ. ನಾವು ‘ಹೊಟ್ಟೆಗೆ ಸ್ವಲ್ಪ ಆಧಾರ’ ಅನ್ನುವುದಿಲ್ಲವೇ? ಹಾಗೆ.

ಮುಖ್ಯ ಮಾತು. ಹಾಂಗ್‌ಕಾಂಗಿನವರು ‘ಡಿಮ್ ಸಮ್ ತಿನ್ನೋಣ ಬಾ’ ಅನ್ನುವುದು ಕಡಿಮೆ. ‘ಯಮ್ ಛಾ’ ಅನ್ನುತ್ತಾರೆ, ಅಂದರೆ ‘ಚಾ ಕುಡಿಯೋಣ’. ಒಂದು ಕಪ್ ಚಾ, ಎರಡು ತಿಂಡಿ ಅನ್ನೋದು ಅವರ ಹಳೇ ಲೆಕ್ಕ. ನಮ್ಮ ಮನೆಗೆ ಯಾರಾದರೂ ಬಂದರೆ ‘ಚಾ ತಿಂಡಿ ಆಯ್ತಾ?’ ಅಂತ ಕೇಳುತ್ತೇವಲ್ಲ, ಚಾ ಮೊದಲು, ತಿಂಡಿ ಆಮೇಲೆ. ‘ಚಾ ತಿಂಡಿ’ ಅಂತಲೇ ಬರೆಯಿರಿ. ಧಾರವಾಡದವರು ತುರಿಸಿಕೊಳ್ಳಲಿ.

ಪುತ್ತೂರಿನಿಂದ

ಹವ್ಯಕರ ಮನೆಯ ‘ಆಸರಿಗೆ’ ಇದಕ್ಕೆ ಇನ್ನೂ ಹತ್ತಿರ. ಬಂದವರಿಗೆ ಮೊದಲು ಕುಡಿಯಲು ಕೊಡುವುದು ಅದೇ ತಾನೇ? ಆದರೆ ಶಿವಮೊಗ್ಗ ಪೇಟೆಯವರಿಗೆ ತಿಳಿಯದಿರಬಹುದು. ಸುಮ್ನೆ ಹೇಳಿದೆ.

ಬೆಂಗಳೂರಿನಿಂದ

ಕನ್ನಡ ಕೇಳಿದವರಿಗೆ ಕ್ಯಾಂಟನೀಸ್ ಪಾಟ ಯಾಕೆ? ‘ಚಾ’ನೂ ಎರವಲೇ ಅಲ್ವಾ? ಒಮ್ಮೆ ಎರವಲು ತಂದೆವು ಅಂತ ದಿನಾ ಪಕ್ಕದ ಮನೆ ಬಾಗಿಲು ತಟ್ಟಬೇಕಾ?

ಮಂಗಳೂರಿನಿಂದ

ಎರವಲೇ. ಯಾರ ಮನೆಯದು ಅಂತ ನೋಡಿ. ಚಾ, ಚಹಾ, ಚಾಯ್ ಎಲ್ಲ ಚೀನಾದ ಆ ‘ಛಾ’ದಿಂದಲೇ ಬಂದವು. ‘ಟೀ’ ಬಂದದ್ದು ಫುಜಿಯಾನ್ ಕರಾವಳಿಯ ಮಿನ್ ನುಡಿಯ ‘ತೆ’ಯಿಂದ, ಡಚ್ಚರ ಹಡಗಿನಲ್ಲಿ. ಯಾವ ಕಡೆಯಿಂದ ಓಡಿದರೂ ಚೀನಾಗೇ ಹೋಗುತ್ತೀರಿ. ಅಚ್ಚಗನ್ನಡದಲ್ಲಿ ಚಹಾಕ್ಕೆ ಒಂದು ಪದ ಹೇಳಿ, ನಾನು ಈ ಗುಂಪು ಬಿಡುತ್ತೇನೆ.

ಬೆಂಗಳೂರಿನಿಂದ

ಎಲೆನೀರು.

ತೀರ್ಥಹಳ್ಳಿಯಿಂದ

ಅದನ್ನು ಎಳನೀರು ಅಂತ ಓದಿಕೊಂಡು ನಾಲ್ಕು ಜನ ಮೋಸ ಹೋಗುತ್ತಾರೆ. ಸಾಕು ಬಿಡಿ.

ಮೈಸೂರಿನಿಂದ

ಇಡ್ಲಿಗೆ ಕ್ಯಾಂಟನೀಸ್ ಪದ ಹುಟ್ಟಿಸಿ ಅಂತ ನಾವು ಹಾಂಗ್‌ಕಾಂಗಿನವರನ್ನು ಕೇಳಿದ್ದೇವಾ? ಅವರ ತಿಂಡಿಗೆ ಅವರ ಹೆಸರಿರಲಿ. ಕಡುಬು ಅಂದದ್ದು ವಾಪಸ್. ‘ಕಣಕ’ ಮಾತ್ರ ಬಿಡೋದಿಲ್ಲ.

ಹಾಂಗ್‌ಕಾಂಗ್‌ನಿಂದ, ಗುರುವಾರ

ಕಣಕ ಉಳಿಸಿದ್ದೇನೆ ಸರ್. ಹಾ ಗಾವ್‌ನ ಹೊದಿಕೆ ಹೇಗಿರುತ್ತದೆ ಅಂದರೆ, ಬುಟ್ಟಿಯ ಮುಚ್ಚಳ ತೆಗೆದ ಕೂಡಲೇ ಬಿಳಿ ಮಂಜಿನ ಥರ ಕಾಣುತ್ತದೆ, ಒಂದು ನಿಮಿಷ ಆರಿದ ಮೇಲೆ ಒಳಗಿನ ಸಿಗಡಿಯ ಗುಲಾಬಿ ಬಣ್ಣ ಇಣುಕುತ್ತದೆ. ಒಂದು ಅಂಚಿಗೆ ಮಾತ್ರ ಸಣ್ಣ ಸಣ್ಣ ನಿರಿಗೆ. ಏಳಕ್ಕಿಂತ ಕಡಿಮೆ ಇದ್ದರೆ ಕೈ ಪಳಗಿಲ್ಲ ಅನ್ನುತ್ತಾರೆ. ಗೋಧಿ ನೆನೆಸಿ ರುಬ್ಬಿ ಹಾಲು ತೆಗೆದಾಗ ತಳದಲ್ಲಿ ಕೂರುವ ಹಿಟ್ಟು ಇದೆಯಲ್ಲ, ಅಂಥದ್ದನ್ನೇ ಕುದಿನೀರು ಹಾಕಿ ನಾದುತ್ತಾರೆ. ಅತ್ತೆಗೆ ಫೋನಿನಲ್ಲಿ ಹೇಳಿದೆ. ‘ಓ, ಗೋಧಿ ಹಲ್ವದ ಹಾಲಾ’ ಅಂದರು.

ಇನ್ನೊಂದು ಪದ ಬೇಕಿತ್ತು. ಆ ಹೋಟೆಲಿನಲ್ಲಿ ಒಬ್ಬೊಬ್ಬರಿಗೂ ಎರಡು ಜೊತೆ ಕಡ್ಡಿ (ಚಾಪ್‌ಸ್ಟಿಕ್) ಇಡುತ್ತಾರೆ, ಒಂದು ಕಪ್ಪು, ಒಂದು ಬಿಳಿ. ಒಂದು ಬುಟ್ಟಿಯಿಂದ ತೆಗೆದುಕೊಳ್ಳಲು, ಇನ್ನೊಂದು ಬಾಯಿಗೆ.

ಧಾರವಾಡದಿಂದ

ಬಡಿಸೋ ಕಡ್ಡಿ, ತಿನ್ನೋ ಕಡ್ಡಿ. ಕೆಳಗೆ ‘ಎಂಜಲು ಮಾಡಬಾರದು’ ಅಂತ ಬರೆಯಿರಿ, ಸಾಕು.

ಬೆಂಗಳೂರಿನಿಂದ

ಒಪ್ಪಿದೆ.

ತೀರ್ಥಹಳ್ಳಿಯಿಂದ

ಒಪ್ಪಿದೆ. ಇದು ದಾಖಲೆಯಾಗಲಿ.

ಹಾಂಗ್‌ಕಾಂಗ್‌ನಿಂದ, ಶುಕ್ರವಾರ

ಕಾರ್ಡ್ ಪ್ರಿಂಟ್‌ಗೆ ಹೋಯಿತು. ಮೇಲ್ಗಡೆ ‘ಚಾ ತಿಂಡಿ’, ಅದರ ಕೆಳಗೆ ಸಣ್ಣದಾಗಿ ‘ಡಿಮ್ ಸಮ್’. ತಿಮ್ ಅಂತ ಹಾಕಲಿಲ್ಲ, ಕ್ಷಮಿಸಿ, ಬೋರ್ಡ್ ಮೇಲಿರೋ ಹೆಸರಿಗೆ ಹೊಂದಬೇಕಲ್ಲ. ‘ಹಾ ಗಾವ್: ತೆಳು ಕಣಕದೊಳಗೆ ಸಿಗಡಿ.’ ‘ಚ್ಯೊಂಗ್ ಫನ್: ನೀರುದೋಸೆಯಷ್ಟು ತೆಳುವಾದ ಅಕ್ಕಿ ಹಾಳೆಯ ಸುರುಳಿ.’ ಬಿಳಿ ಬನ್ನಿನ ಮುಂದೆ ‘ಹಂದಿ’ ಅಂತ ದಪ್ಪ ಅಕ್ಷರದಲ್ಲಿ. ಕೋಳಿ ಕಾಲಿಗೆ ಇಲ್ಲಿ ‘ಫೀನಿಕ್ಸ್ ಹಕ್ಕಿಯ ಉಗುರು’ ಅಂತ ಚಂದದ ಹೆಸರಿದೆ, ನಾನು ‘ಕೋಳಿ ಕಾಲು’ ಅಂತಲೇ ಬರೆದೆ. ನಾಲ್ವರು ಸಸ್ಯಾಹಾರಿಗಳಿಗೆ ಏನು ಬೇಕು ಅಂತ ಹೋಟೆಲಿಗೆ ಬೇರೆಯೇ ಹೇಳಿದ್ದೇನೆ.

ಕಡೆಯ ಸಾಲು ನನ್ನದೇ: ‘ಯಾರಾದರೂ ನಿಮ್ಮ ಕಪ್ಪಿಗೆ ಚಾ ಹಾಕಿದರೆ ಎರಡು ಬೆರಳು ಮಡಚಿ ಮೇಜು ತಟ್ಟಿ. ಥ್ಯಾಂಕ್ಸ್ ಅಂತ ಅರ್ಥ. ಚಾ ಬೇಕಿದ್ದರೆ ಕೆಟಲಿನ ಮುಚ್ಚಳ ಸ್ವಲ್ಪ ಸರಿಸಿಡಿ.’

ಬೆಂಗಳೂರಿನಿಂದ

‘ಥ್ಯಾಂಕ್ಸ್’?

ಮಂಗಳೂರಿನಿಂದ

ಇವರ ಕಪ್ಪಿಗೆ ಯಾರಾದರೂ ಸ್ವಲ್ಪ ಎಲೆನೀರು ಹಾಕಿ.